ಕೊರಳ ಗಂಟಿಗೆ ಬಿಬ್ಬಾ ಸಾಕು, ಸೂಜಿ ಪರೀಕ್ಷೆ ಬೇಕು

ಜತ್ತ: ತಾಲೂಕಿನ ಪೂರ್ವ ಭಾಗದ ಹಳ್ಳಿಯೊಂದರ ಹದಿನೇಳು ವರ್ಷದ ಹುಡುಗಿಗೆ ಶ್ರಾವಣದಲ್ಲಿ ಕೊರಳಿನ ಎಡಬದಿಗೆ, ಕಿವಿಯಿಂದ ನಾಲ್ಕು ಬೆರಳು ಕೆಳಗೆ, ಕಡಲೆ ಕಾಳಿನಷ್ಟು ಗಂಟು ಎದ್ದಿತ್ತು. ನೋವಿಲ್ಲ, ಕೆಂಪಾಗಿಲ್ಲ, ಜ್ವರವೂ ಅಷ್ಟಕ್ಕಷ್ಟೆ. ‘ನೀರಗಂಟ ಐತಿ ಬಿಡವ್ವ, ತಾನ ಕರಗತೈತಿ’ ಎಂದಳು ಆಯಿ. ದಸರೆಗೆ ಒಂದಿದ್ದದ್ದು ಮೂರಾಯಿತು. ದೀಪಾವಳಿ ಮುಗಿಸಿ ಅವ್ವ-ಅಪ್ಪ ಕಬ್ಬು ಕಡಿಯುವ ಟೋಳಿಯ ಜೊತೆ ಹೊರಟುಹೋದರು. ಮನೆಯಲ್ಲಿ ಆಯಿ ಮತ್ತು ಮೊಮ್ಮಗಳು ಇಬ್ಬರೇ. ಮೂರು ಗಂಟು ಒಂದಕ್ಕೊಂದು ಹತ್ತಿಕೊಂಡು ಗೊಂಚಲಾದಾಗ ಊರಿನ ಹಿರಿಯರೊಬ್ಬರು ಬಿಬ್ಬಾ ಹಚ್ಚಿದರು.

ಬಿಬ್ಬಾ ಎಂದರೆ ಕೇರುಬೀಜ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ, ಎಷ್ಟು ಒಗೆದರೂ ಹೋಗದ ಕಪ್ಪು ಎಣ್ಣೆ ಇದರದ್ದೇ. ಅದು ಹುಡುಗಿಯ ಚರ್ಮ ಸುಟ್ಟಿತು, ಬೊಬ್ಬೆ ಎದ್ದಿತು, ಹುಣ್ಣಾಯಿತು. ಒಳಗಿನ ಗಂಟು ಇದ್ದಲ್ಲೇ ಇತ್ತು. ನಂತರ ಪಕ್ಕದ ಊರಿನ ಖಾಸಗಿ ವೈದ್ಯರಲ್ಲಿ ಎರಡು ಸಲ ಐದೈದು ದಿನದ ಗುಳಿಗೆ, ಒಂದು ಇಂಜೆಕ್ಷನ್. ಬಾವು ಸ್ವಲ್ಪ ಇಳಿದಂತೆ ಕಂಡು ಮತ್ತೆ ಏರಿತು. ಸಂಕ್ರಾಂತಿ ಹೊತ್ತಿಗೆ ಗಂಟು ಮೆತ್ತಗಾಗಿ, ಒಡೆದು, ಹಳದಿ ಮಿಶ್ರಿತ ಬಿಳಿ ಕೀವು ಸೋರಲು ಶುರುವಾಯಿತು. ಆಗ ಗ್ರಾಮೀಣ ರುಗ್ಣಾಲಯ, ಅಲ್ಲಿಂದ ಮಿರಜ, ಅಲ್ಲಿ ಸೂಜಿ ಪರೀಕ್ಷೆ. ಉತ್ತರ: ಕ್ಷಯ. ಎದೆಯದ್ದಲ್ಲ, ಕೊರಳ ಗ್ರಂಥಿಯದ್ದು.

ಆರು ತಿಂಗಳು ಗುಳಿಗೆ ನುಂಗಿ ಹುಡುಗಿ ಗುಣವಾದಳು. ಕೀವು ಸೋರಿದ ಜಾಗ ಸಣ್ಣ ಗೀರಿನಂತೆ ಒಣಗಿದೆ. ಬಿಬ್ಬಾ ಹಚ್ಚಿದ ಜಾಗ ಮಾತ್ರ ಅಂಗೈಯ ಅರ್ಧದಷ್ಟು ಅಗಲ ಕಪ್ಪಾಗಿ ಉಳಿದಿದೆ. ನೋಡಲು ಬಂದ ಗಂಡಿನ ಕಡೆಯವರು ‘ಕೊರಳಿಗಿ ಏನ ಆಗಿತ್ತರಿ?’ ಎಂದು ಕೇಳಿದರೆ ಮನೆಯವರು ‘ಸುಟ್ಟಿತ್ತರಿ’ ಎಂದು ಹೇಳುತ್ತಾರೆ. ಅದು ಸುಳ್ಳೂ ಅಲ್ಲ.

ಇದು ಒಂದು ಮನೆಯ ಕಥೆಯಷ್ಟೇ ಆಗಿದ್ದರೆ ಪತ್ರಿಕೆಯ ಜಾಗ ಬೇಕಿರಲಿಲ್ಲ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳಲ್ಲಿ ‘ಗಂಡಮಾಲೆ’ ಎಂದರೆ ಗೊತ್ತಿಲ್ಲದ ಹಿರಿಯರಿಲ್ಲ. ಮರಾಠಿಯಲ್ಲೂ ಅದೇ ಹೆಸರು, ಗಂಡಮಾಳಾ. ಕೊರಳ ಸುತ್ತ ಮಣಿಸರ ಪೋಣಿಸಿದಂತೆ ಗಂಟು ಏಳುವುದರಿಂದ ಬಂದ ಹೆಸರು. ಚರಕ, ಸುಶ್ರುತರ ಸಂಹಿತೆಗಳಲ್ಲೂ ಕೊರಳ ಗ್ರಂಥಿಗಳ ಬಾವಿನ ವರ್ಣನೆ ಇದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ರಾಜ ಮುಟ್ಟಿದರೆ ಇದು ವಾಸಿಯಾಗುತ್ತದೆ ಎಂದು ನಂಬಿದ್ದರು. ಮುಂದೆ ದೊಡ್ಡ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಎರಡೂವರೆ ವರ್ಷದ ಕೂಸಾಗಿದ್ದಾಗ, 1712ರಲ್ಲಿ, ರಾಣಿ ಆ್ಯನ್ ಮುಟ್ಟಿದ್ದಳು. ರೋಗ ಹೋಗಲಿಲ್ಲ, ಕಲೆ ಸಾಯುವವರೆಗೂ ಉಳಿಯಿತು. ಬಿಬ್ಬಾ ಹಚ್ಚುವ ನಮ್ಮ ಹಳ್ಳಿಗರನ್ನು ನೋಡಿ ನಗುವವರು ಇದನ್ನೂ ನೆನಪಿಡಬೇಕು. ಆದರೆ 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟು ಸುಮಾರು ಒಂದೂವರೆ ಶತಮಾನವಾಯಿತು. ಔಷಧಿ ಬಂದು ಎಪ್ಪತ್ತು ವರ್ಷಗಳ ಮೇಲಾಯಿತು, ಅದೂ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಆಮೇಲೂ ಹುಡುಗಿಯ ಕೊರಳು ಸುಡುತ್ತಿದೆ ಎಂದರೆ ತಪ್ಪು ಆಯಿಯೊಬ್ಬಳದ್ದೇ ಅಲ್ಲ.

ಎಲ್ಲ ಗಂಟೂ ಗಂಡಮಾಲೆಯಲ್ಲ

ಹೆದರಿಸುವುದು ಉದ್ದೇಶವಲ್ಲವಾದ್ದರಿಂದ ಮೊದಲೇ ಹೇಳಬೇಕಾದ ಮಾತು: ಕೊರಳಲ್ಲಿ ಗಂಟು ಕಂಡ ನೂರು ಜನರಲ್ಲಿ ಹೆಚ್ಚಿನವರಿಗೆ ದೊಡ್ಡದೇನೂ ಇರುವುದಿಲ್ಲ. ದೇಹದಲ್ಲಿ ನೂರಾರು ದುಗ್ಧಗ್ರಂಥಿಗಳಿವೆ, ಅವುಗಳಲ್ಲಿ ದೊಡ್ಡ ಪಾಲು ಕೊರಳಲ್ಲೇ ಇದೆ. ಊರ ಅಗಸಿಯಲ್ಲಿ ಕೂತ ಕಾವಲುಗಾರರಿದ್ದಂತೆ ಅವು. ಬಾಯಿ, ಮೂಗು, ಗಂಟಲು, ಕಿವಿ, ಹಲ್ಲು, ತಲೆಚರ್ಮದ ಕಡೆಯಿಂದ ಬರುವ ರೋಗಾಣುಗಳನ್ನು ಅಲ್ಲೇ ತಡೆದು ಹಿಡಿಯುತ್ತವೆ. ಹಿಡಿದಾಗ ಊದಿಕೊಳ್ಳುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಏಳುವುದು ಎಲ್ಲರಿಗೂ ಗೊತ್ತು. ಕೊರಳಲ್ಲಿ ಆಗುವುದೂ ಅದೇ.

ನೆಗಡಿ, ಗಂಟಲು ನೋವು, ಟಾನ್ಸಿಲ್, ಹುಳುಕು ಹಲ್ಲು, ಸೋರುವ ಕಿವಿ, ಮಕ್ಕಳ ತಲೆಯಲ್ಲಿ ಹೇನು ಕಡಿದು ಕೆರೆದು ಆದ ಹುಣ್ಣು, ಇವುಗಳಿಂದ ಬರುವ ಗಂಟು ಮುಟ್ಟಿದರೆ ನೋಯುತ್ತದೆ, ಬೆರಳಿಗೆ ಆಚೀಚೆ ಜಾರುತ್ತದೆ, ಮೂಲ ರೋಗ ಹೋದ ಮೇಲೆ ಎರಡು-ಮೂರು ವಾರದಲ್ಲಿ ಇಳಿಯುತ್ತದೆ. ಹಲ್ಲು ತೋರಿಸಿದರೆ, ತಲೆಯ ಹೇನು ತೆಗೆದರೆ ಎಷ್ಟೋ ಮಕ್ಕಳ ಗಂಟು ತಾನಾಗಿ ಹೋಗುತ್ತದೆ. ಗಟ್ಟಿಮುಟ್ಟಾದ ಮಗುವಿನ ಕೊರಳಲ್ಲೂ ಕಾಳಿನಷ್ಟು ಗಂಟು ಕೈಗೆ ಸಿಗುವುದುಂಟು, ಅದು ರೋಗವಲ್ಲ. ಮಂಗನಬಾವು ಬೇರೆ, ಅದು ಕೆನ್ನೆ-ಕಿವಿಯ ನಡುವಿನ ಜೊಲ್ಲಿನ ಗ್ರಂಥಿಯದು. ಕೊರಳ ನಟ್ಟನಡುವೆ ಇದ್ದು, ಉಗುಳು ನುಂಗಿದಾಗ ಮೇಲೆ-ಕೆಳಗೆ ಆಡುವ ಗಂಟು ಥೈರಾಯ್ಡಿನದು, ಅದಕ್ಕೆ ಗಳಗಂಡ ಎನ್ನುತ್ತಾರೆ. ಹಳ್ಳಿಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಒಂದೇ ಲೇಪ.

ಎಚ್ಚರ ಬೇಕಾದದ್ದು ಇಂಥಲ್ಲಿ: ಎರಡು ವಾರ ದಾಟಿದರೂ ಇಳಿಯದ ಗಂಟು, ನೋವಿಲ್ಲದೆ ದೊಡ್ಡದಾಗುತ್ತ ಹೋಗುವ ಗಂಟು, ಒಂದಕ್ಕೊಂದು ಅಂಟಿಕೊಂಡ ಗಂಟು, ಕಲ್ಲಿನಂತೆ ಗಟ್ಟಿಯಾಗಿ ಅಲುಗದ ಗಂಟು. ಹೆಗಲ ಮುಂದಿನ ಎಲುಬಿನ ಮೇಲೆ, ಅಂದರೆ ಕೊರಳು ಎದೆಗೆ ಕೂಡುವ ಗುಳಿಯ ಪಕ್ಕ ಎದ್ದ ಗಂಟಂತೂ ಸಣ್ಣದಿದ್ದರೂ ತೋರಿಸಲೇಬೇಕು. ಜೊತೆಗೆ ಸಂಜೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ತೂಕ ಇಳಿಯುವುದು ಇದ್ದರೆ ಒಂದು ದಿನವೂ ತಡ ಮಾಡಬಾರದು.

‘ನೋವಿಲ್ಲ, ಬಿಡು’ ಎಂಬ ಮಾತೇ ಇಲ್ಲಿ ಮೋಸ ಮಾಡುವುದು. ನೋವಿರುವ ಗಂಟು ಬಹಳ ಸಲ ಸಾದಾ ಸೋಂಕಿನದು. ನೋವಿಲ್ಲದ್ದೇ ಕ್ಷಯದ್ದೋ ಕ್ಯಾನ್ಸರಿನದೋ ಇರಬಹುದು. ಹೊಲದಲ್ಲಿ ದುಡಿಯುವ ಹೆಣ್ಣುಮಗಳು ನೋವಿಲ್ಲದ ರೋಗಕ್ಕೆ ಒಂದು ದಿನದ ಕೂಲಿ ಬಿಟ್ಟು ದವಾಖಾನೆಗೆ ಹೋಗುವುದು ಅಪರೂಪ. ಇದು ಅವಳ ತಪ್ಪಲ್ಲ, ಅವಳ ಲೆಕ್ಕ. ಆ ಲೆಕ್ಕ ಬದಲಾಗಬೇಕಾದರೆ ಆ ಒಂದು ಮಾತು ಅವಳ ಭಾಷೆಯಲ್ಲಿ ಅವಳ ಕಿವಿಗೆ ಬೀಳಬೇಕು.

ಬಾಯಿಯನ್ನೂ ನೋಡಿಕೊಳ್ಳಿ

ಈ ಭಾಗದಲ್ಲಿ ಕೊರಳ ಗಂಟಿನ ಮಾತು ಬಂದರೆ ತಂಬಾಕಿನ ಮಾತು ಬಿಡುವಂತಿಲ್ಲ. ಗಂಡಸರಿಗೆ ಮಾವಾ, ಗುಟಕಾ. ಹೆಂಗಸರಿಗೆ ಬೆಳಿಗ್ಗೆ ಎದ್ದ ಕೂಡಲೆ ಹಲ್ಲಿಗೆ ಮಿಶ್ರಿ. ಹಂಚಿನ ಮೇಲೆ ಹುರಿದು ಕರ್ರಗೆ ಮಾಡಿದ ತಂಬಾಕಿನ ಪುಡಿಯದು, ಅದನ್ನು ವ್ಯಸನ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಹಾರಾಷ್ಟ್ರದಲ್ಲಿ ಗುಟಕಾ ನಿಷೇಧವಾದದ್ದು 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ. ಕಾಗದದ ಮೇಲೆ ಗಡಿಯ ಎರಡೂ ಕಡೆ ನಿಷೇಧ. ಪಾನಪಟ್ಟಿ ಅಂಗಡಿಯ ಮುಂದೆ ನಿಂತು ನೋಡಿದವರಿಗೆ ನಿಜ ಏನೆಂದು ಹೇಳಬೇಕಾಗಿಲ್ಲ.

ನಾಲಿಗೆಯ ಅಂಚಿಗೆ, ಕೆನ್ನೆಯ ಒಳಗೆ ಆದ ವಾಸಿಯಾಗದ ಹುಣ್ಣು ಕ್ಯಾನ್ಸರಾದರೆ ಅದು ಮೊದಲು ಇಳಿಯುವುದು ಕೊರಳ ಗ್ರಂಥಿಗೆ. ದವಡೆಯ ಕೆಳಗೆ ಗಟ್ಟಿ ಗಂಟು ಎದ್ದಾಗ ‘ಶಾಖ ಕೊಡು’ ಎಂದು ಬಿಸಿ ಅರಿವೆ ಇಡುತ್ತ ಎರಡು ತಿಂಗಳು ಕಳೆಯುವವರಿದ್ದಾರೆ. ಬಾಯಲ್ಲಿ ಮೂರು ವಾರ ಮೀರಿದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವುಗಳ ಜೊತೆ ನಲವತ್ತು ದಾಟಿದವರ ಕೊರಳಲ್ಲಿ ಗಂಟು ಇದ್ದರೆ ಶಾಖವಲ್ಲ, ಕ್ಯಾನ್ಸರ್ ತಪಾಸಣೆ ಬೇಕು. ಸೊಲ್ಲಾಪುರ ಜಿಲ್ಲೆಯವರಿಗೆ ಬಾರ್ಶಿಯಲ್ಲಿ, ಸಾಂಗಲಿ ಜಿಲ್ಲೆಯವರಿಗೆ ಮಿರಜದಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿವೆ. ಮುಂಬಯಿಗೆ ಹೋಗಲು ದುಡ್ಡಿಲ್ಲ ಎಂದು ಮನೆಯಲ್ಲೇ ಕೂಡುವ ಕಾರಣವಿಲ್ಲ. ಮಹಾತ್ಮಾ ಜೋತಿರಾವ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಬರುತ್ತದೆ.

ಗ್ರಂಥಿಯಲ್ಲೇ ಹುಟ್ಟುವ ಲಿಂಫೋಮಾ ಎಂಬ ಕ್ಯಾನ್ಸರೂ ಇದೆ. ಅದು ತರುಣರಿಗೂ ಬರುತ್ತದೆ, ಬೇಗ ಹಿಡಿದರೆ ಬಹಳ ಮಂದಿಗೆ ಗುಣವಾಗುತ್ತದೆ. ಕ್ಷಯದಂತೆಯೇ ಜ್ವರ, ಬೆವರು, ತೂಕ ಇಳಿಯುವುದು ಇರುವುದರಿಂದ ಕೈಯಿಂದ ಮುಟ್ಟಿ ನೋಡಿ ಎರಡರಲ್ಲಿ ಯಾವುದು ಎಂದು ಖಚಿತವಾಗಿ ಹೇಳಲಾಗದು. ಎಚ್‌ಐವಿ ಸೋಂಕಿನಲ್ಲೂ ಗ್ರಂಥಿ ಊದುತ್ತವೆ. ಆದ್ದರಿಂದಲೇ ‘ಸುಮ್ಮನೆ ಟಿಬಿ ಗುಳಿಗೆ ಶುರು ಮಾಡಿಬಿಡಿ’ ಎನ್ನುವುದೂ, ‘ಇಳಿಯತೈತಿ ನೋಡೋಣ’ ಎಂದು ಬಾವು ಇಳಿಸುವ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದೂ ಸರಿಯಲ್ಲ. ಸ್ಟೆರಾಯ್ಡಿನಿಂದ ಗಂಟು ಕೆಲ ದಿನ ಕರಗಿದಂತೆ ಕಾಣುತ್ತದೆ, ರೋಗ ಒಳಗೆ ಬೆಳೆಯುತ್ತದೆ, ಮುಂದಿನ ಪರೀಕ್ಷೆಯೂ ಗೊಂದಲವಾಗುತ್ತದೆ. ಕೆಲವು ಆ್ಯಂಟಿಬಯಾಟಿಕ್‌ಗಳೂ ಹಾಗೆಯೇ, ಕ್ಷಯವನ್ನು ಅರೆಬರೆ ಅದುಮಿ ಮರೆಮಾಚುತ್ತವೆ.

ಸೂಜಿಯ ಭಯ

ಗಂಟಿನ ಗುಟ್ಟು ತಿಳಿಯುವ ಸುಲಭ ದಾರಿ ಸೂಜಿ ಪರೀಕ್ಷೆ. ಎಫ್‌ಎನ್‌ಎಸಿ ಎಂದು ಚೀಟಿಯಲ್ಲಿ ಬರೆಯುತ್ತಾರೆ. ರಕ್ತ ತೆಗೆಯುವಂಥದೇ ತೆಳು ಸೂಜಿಯನ್ನು ಗಂಟಿಗೆ ಚುಚ್ಚಿ, ಒಂದೆರಡು ಹನಿ ಎಳೆದು, ಗಾಜಿನ ಮೇಲೆ ಹರಡಿ ನೋಡುವುದು. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ದವಾಖಾನೆಯಲ್ಲಿ ಉಳಿಯಬೇಕಿಲ್ಲ, ಅರ್ಧ ಗಂಟೆಯಲ್ಲಿ ಮನೆಗೆ ಹೊರಡಬಹುದು. ಅದೇ ಹನಿಯಲ್ಲಿ ಸ್ವಲ್ಪವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರಕ್ಕೆ ಹಾಕಿದರೆ ಕ್ಷಯದ ರೋಗಾಣು ಇದೆಯೇ, ಇದ್ದರೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಅದು ಬಗ್ಗುತ್ತದೆಯೇ ಎಂಬುದು ಕೆಲವೇ ತಾಸಿನಲ್ಲಿ ತಿಳಿಯುತ್ತದೆ. ಟ್ರೂನ್ಯಾಟ್ ನಮ್ಮ ದೇಶದಲ್ಲೇ, ಗೋವೆಯಲ್ಲಿ ತಯಾರಾಗುವ ಯಂತ್ರ. ಸೂಜಿಯಿಂದ ಉತ್ತರ ಸಿಗದಿದ್ದರೆ, ಅಥವಾ ಲಿಂಫೋಮಾ ಎಂಬ ಸಂಶಯವಿದ್ದರೆ, ಗಂಟನ್ನೇ ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾಗುತ್ತದೆ.

‘ಗಂಟಿಗಿ ಸೂಜಿ ಚುಚ್ಚಿದ್ರ ಕ್ಯಾನ್ಸರ್ ಆಗತೈತಿ’ ಎಂಬ ಮಾತು ಹಳ್ಳಿಯ ಕಟ್ಟೆಗಳಲ್ಲಿ ಓಡಾಡುತ್ತಿದೆ. ಆಗುವುದಿಲ್ಲ. ಇದ್ದದ್ದು ಗೊತ್ತಾಗುತ್ತದೆ, ಇಲ್ಲದ್ದು ಹುಟ್ಟುವುದಿಲ್ಲ. ಗಂಟಿಗೆ ಬಿಸಿ ಕಬ್ಬಿಣದ ಬರೆ ಹಾಕಿಸಿಕೊಳ್ಳಲು ಕೊರಳು ಕೊಡುವವರು ಈ ಸೂಜಿಗೆ ಹೆದರುವುದು ಸೋಜಿಗ.

ಇನ್ನೊಂದು ತಪ್ಪು, ಮೆತ್ತಗಾದ ಗಂಟನ್ನು ಬ್ಲೇಡಿನಿಂದ ಕೊಯ್ದು ಕೀವು ತೆಗೆಸುವುದು. ಸಾದಾ ಕೀವಿನ ಗುಳ್ಳೆಗೆ ಅದು ಸರಿ. ಕ್ಷಯದ ಗಂಟು ಹಾಗಲ್ಲ. ಕೊಯ್ದ ಬಾಯಿ ಕೂಡುವುದಿಲ್ಲ, ತಿಂಗಳುಗಟ್ಟಲೆ ಸೋರುತ್ತಲೇ ಇರುತ್ತದೆ. ಬಲ್ಲ ವೈದ್ಯರು ಪಕ್ಕದ ಒಳ್ಳೆಯ ಚರ್ಮದಿಂದ ಸೂಜಿ ತೂರಿಸಿ ಕೀವು ಎಳೆಯುತ್ತಾರೆ, ಗುಳಿಗೆಯೇ ಉಳಿದ ಕೆಲಸ ಮಾಡುತ್ತದೆ.

ಗುಳಿಗೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಕೂಡಿಸಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಎಷ್ಟು ಗುಳಿಗೆ ಎಂಬುದು ರೋಗಿಯ ತೂಕದ ಮೇಲೆ. ಮೊದಲು ಸರಕಾರಿ ಚಿಕಿತ್ಸೆಯಲ್ಲಿ ವಾರಕ್ಕೆ ಮೂರು ದಿನ ನುಂಗುವ ಪದ್ಧತಿ ಇತ್ತು. 2017ರಿಂದ ದೇಶದೆಲ್ಲೆಡೆ ದಿನಾಲೂ ನುಂಗುವ ಪದ್ಧತಿ ಬಂತು. ಗುಳಿಗೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ‘ರಗತ ಹೊಂಟೈತಿ’ ಎಂದು ಹೆದರಿ ಬಿಟ್ಟುಬಿಡುತ್ತಾರೆ. ಅದು ಔಷಧಿಯ ಬಣ್ಣ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಹತ್ತಿದರೆ, ದೃಷ್ಟಿ ಮಂಜಾದರೆ ಮಾತ್ರ ಕೂಡಲೆ ವೈದ್ಯರಿಗೆ ತೋರಿಸಬೇಕು.

ಕೊರಳ ಕ್ಷಯಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಔಷಧಿ ಸರಿಯಾಗಿ ನಡೆದಿರುವಾಗಲೇ ಕೆಲವರಿಗೆ ಗಂಟು ಮೊದಲಿಗಿಂತ ದೊಡ್ಡದಾಗುತ್ತದೆ, ಹೊಸದೊಂದು ಏಳಲೂಬಹುದು. ರೋಗಾಣು ಸಾಯುವಾಗ ದೇಹ ತೋರುವ ಸಿಟ್ಟು ಅದು. ‘ಗುಳಿಗಿ ಹತ್ತವಲ್ದು’ ಎಂದು ಚಿಕಿತ್ಸೆ ಬಿಡುವವರು ಹೆಚ್ಚಾಗಿ ಇದೇ ಹೊತ್ತಿಗೆ ಬಿಡುತ್ತಾರೆ. ವೈದ್ಯರಿಗೆ ತೋರಿಸಬೇಕು, ಗುಳಿಗೆ ಬಿಡಬಾರದು. ಆರು ತಿಂಗಳು ಮುಗಿದ ಮೇಲೂ ಸಣ್ಣ ಗಂಟು ಕೈಗೆ ಸಿಗುತ್ತ ಉಳಿಯಬಹುದು, ಬೆಳೆಯದಿದ್ದರೆ ಅದರ ಚಿಂತೆ ಬೇಡ. ಹಾಗೆಯೇ, ಮೂರು ತಿಂಗಳಿಗೇ ಗಂಟು ಪೂರ್ತಿ ಇಳಿಯಿತು ಎಂದು ನಿಲ್ಲಿಸುವುದು ಇನ್ನೂ ಅಪಾಯ. ಅರ್ಧಕ್ಕೆ ಬಿಟ್ಟ ಕ್ಷಯ ಮರಳಿ ಬಂದಾಗ ಔಷಧಿಗೆ ಬಗ್ಗದಂತಾಗಿ ಬರಬಹುದು.

ತಾಟು ಬೇರೆ ಮಾಡುವವರಿಗೆ

ಟಿಬಿ ಎಂಬ ಮಾತು ಕೇಳಿದ ಕೂಡಲೆ ಮನೆಯಲ್ಲಿ ತಾಟು, ಚರಿಗೆ, ಹಾಸಿಗೆ ಬೇರೆಯಾಗುತ್ತವೆ. ಸೊಸೆಯಾದರೆ ತವರಿಗೆ ಕಳಿಸುತ್ತಾರೆ. ಕೊರಳ ಗ್ರಂಥಿಯಲ್ಲಿ ಮಾತ್ರ ಇರುವ ಕ್ಷಯ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹರಡುವುದು ಪುಪ್ಪುಸದ ಕ್ಷಯ, ಅದೂ ಕೆಮ್ಮಿದಾಗ ಗಾಳಿಯಿಂದ, ತಾಟಿನಿಂದಲ್ಲ. ಆದ್ದರಿಂದ ಕೊರಳಲ್ಲಿ ಕ್ಷಯ ಸಿಕ್ಕವರು ಎದೆಯ ಎಕ್ಸ್‌ರೇ ತೆಗೆಸಿ, ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಲ್ಲಿ ಏನೂ ಇಲ್ಲವೆಂದಾದರೆ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಲು ಅಡ್ಡಿಯಿಲ್ಲ. ಮನೆಯಲ್ಲಿ ಇನ್ನಾರಿಗಾದರೂ ಕೆಮ್ಮು ಇದ್ದರೆ ಅವರನ್ನೂ ಕರೆದೊಯ್ಯಬೇಕು. ಹುಡುಗಿಯ ಕೊರಳಿಗೆ ಬಂದ ರೋಗ ಅಜ್ಜನ ಹಳೆಯ ಕೆಮ್ಮಿನಿಂದ ಬಂದಿರಬಹುದು.

ಹಾಲಿನ ಮಾತನ್ನೂ ಹೇಳಬೇಕು. ಕೆಚ್ಚಲಿನಿಂದ ಕರೆದ ಬಿಸಿ ಹಾಲನ್ನು ಹಾಗೇ ಕುಡಿದರೆ ಶಕ್ತಿ ಎಂದು ಪೈಲವಾನರಿಗೂ ಮಕ್ಕಳಿಗೂ ಕೊಡುವ ರೂಢಿ ಇದೆ. ದನಗಳಿಗೂ ಕ್ಷಯ ಬರುತ್ತದೆ, ಕಾಯಿಸದ ಹಾಲಿನಿಂದ ಅದು ಮನುಷ್ಯರ ಕೊರಳ ಗ್ರಂಥಿಗೆ ಇಳಿಯಬಲ್ಲದು. ನಮ್ಮಲ್ಲಿ ಹೆಚ್ಚಿನ ಕ್ಷಯ ಮನುಷ್ಯರಿಂದಲೇ ಬರುವುದು ನಿಜ, ಆದರೂ ಒಂದು ಕುದಿ ಬರಿಸುವುದಕ್ಕೆ ಖರ್ಚೇನು?

‘ಕಿತಿ ದಿವಸ ಝಾಲೆ?’

ಈಗ ಭಾಷೆಯ ವಿಷಯ. ಗಡಿ ಎಂದರೆ ಗಲಾಟೆಯ ಸುದ್ದಿ ಎನ್ನುವವರಿಗೆ ಇದು ರುಚಿಸಲಿಕ್ಕಿಲ್ಲ, ಏಕೆಂದರೆ ಇಲ್ಲಿ ಗಲಾಟೆ ಇಲ್ಲ. ಜತ್ತದ ಸಂತೆಯಲ್ಲಿ ಮರಾಠಿ-ಕನ್ನಡ ಎರಡೂ ಒಂದೇ ಬುಟ್ಟಿಯಲ್ಲಿ ಮಾರಾಟವಾಗುತ್ತವೆ. ಗಂಡಸರು ಎರಡೂ ಆಡುತ್ತಾರೆ. ಪೂರ್ವ ಭಾಗದ ಉಮದಿ, ಸಂಖದ ಕಡೆಯ ವಯಸ್ಸಾದ ಹೆಂಗಸರು, ಕನ್ನಡ ಶಾಲೆಯಲ್ಲಿ ಕಲಿತು ಊರು ಬಿಡದ ಹುಡುಗಿಯರು ಮಾತ್ರ ಮರಾಠಿಯಲ್ಲಿ ಸಂತೆಯಷ್ಟೇ ಮಾಡಬಲ್ಲರು, ರೋಗ ಹೇಳಿಕೊಳ್ಳಲಾರರು.

ವೈದ್ಯರು ‘ಕಿತಿ ದಿವಸ ಝಾಲೆ?’ ಎಂದು ಕೇಳುತ್ತಾರೆ. ಆಯಿ ‘ಲೈ ದಿವಸ’ ಎನ್ನುತ್ತಾಳೆ. ಅಷ್ಟು ಮರಾಠಿ ಆಕೆಗೆ ಬರುತ್ತದೆ. ಹದಿನೈದು ದಿನವೂ ಲೈ ದಿವಸವೇ, ಐದು ತಿಂಗಳೂ ಲೈ ದಿವಸವೇ. ಎರಡು ವಾರ ಮೀರಿತೋ ಇಲ್ಲವೋ ಎಂಬ, ಇಡೀ ರೋಗದ ಕೀಲಿಯಾದ ಪ್ರಶ್ನೆ ಅಲ್ಲೇ ಸತ್ತುಹೋಗುತ್ತದೆ. ರಾತ್ರಿ ಬೆವರು ಬರುತ್ತದೆಯೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂಬ ಪ್ರಶ್ನೆಗಳಿಗೆ ತಲೆಯಾಡಿಸಿದ್ದೇ ಉತ್ತರ. ವೈದ್ಯರನ್ನು ಬೈಯುವುದರಲ್ಲಿ ಅರ್ಥವಿಲ್ಲ. ದೂರದ ಜಿಲ್ಲೆಯಿಂದ ಬಂದ ತರುಣ ವೈದ್ಯನಿಗೆ ಕನ್ನಡ ಎಲ್ಲಿಂದ ಬರಬೇಕು? ಸಾಲು ಹೊರಗೆ ಅರವತ್ತು ಜನರದ್ದಿರುತ್ತದೆ.

ಆರೋಗ್ಯ ಕೇಂದ್ರದ ಗೋಡೆಯ ಫಲಕ ಮರಾಠಿಯಲ್ಲಿ. ಮಾರ್ಚ್ 24ರ ಕ್ಷಯ ದಿನದ ಭಾಷಣ ಮರಾಠಿಯಲ್ಲಿ. ಇದಕ್ಕೆ ಮದ್ದು ಬಹಳ ದೂರವೂ ಇಲ್ಲ, ತುಟ್ಟಿಯೂ ಅಲ್ಲ. ಕ್ಷಯದ ಕಾರ್ಯಕ್ರಮ ಇಡೀ ದೇಶಕ್ಕೆ ಒಂದೇ, 2020ರಿಂದ ಅದರ ಹೆಸರು ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮ. ಕರ್ನಾಟಕದಲ್ಲಿ ಅದರ ಪತ್ರಕಗಳು ಕನ್ನಡದಲ್ಲೇ ಅಚ್ಚಾಗುತ್ತವೆ. ವಿಜಯಪುರದಿಂದ ಒಂದು ಕಟ್ಟು ತಂದು ಉಮದಿಯಲ್ಲಿ ಹಂಚಲು ಯಾವ ಆಯೋಗದ ವರದಿ ಬೇಕು? ಉಮದಿಯವರಿಗೆ ಸಾಂಗಲಿಗಿಂತ ವಿಜಯಪುರ ಹತ್ತಿರ, ದವಾಖಾನೆಗೆ ಅಲ್ಲಿಗೇ ಹೋಗುವವರೂ ಬಹಳ.

2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಹಳ್ಳಿಗಳ ಮಾತು ಎತ್ತಿದಾಗ ಎರಡೂ ರಾಜಧಾನಿಗಳು ಈ ತಾಲೂಕಿನ ಹೆಸರು ಹೇಳಿದವು. 2023ರಲ್ಲಿ ಮಹಾರಾಷ್ಟ್ರ ಸರಕಾರ ಕರ್ನಾಟಕದೊಳಗಿನ 865 ಹಳ್ಳಿ-ಪಟ್ಟಣಗಳ ಮರಾಠಿಗರಿಗೆ ತನ್ನ ಆರೋಗ್ಯ ಯೋಜನೆ ವಿಸ್ತರಿಸುವುದಾಗಿ ಹೇಳಿತು, ಕರ್ನಾಟಕ ಆಕ್ಷೇಪಿಸಿತು. ಗಡಿಯಾಚೆಯ ತಮ್ಮ ಜನರ ಮೇಲೆ ಎರಡೂ ಸರಕಾರಗಳಿಗೆ ಇಷ್ಟು ಕಾಳಜಿ ಇದ್ದ ಮೇಲೆ ಗಡಿಯೊಳಗಿನವರಿಗೆ ಅವರ ಭಾಷೆಯ ಒಂದು ಹಾಳೆ ಭಾರವಾಗಬಾರದು. ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರು ಈ ಹಳ್ಳಿಗಳಲ್ಲಿದ್ದಾರೆ. ಗಂಟಿನ ರೋಗಿಯ ಜೊತೆ ಅವರಲ್ಲೊಬ್ಬರು ತಪಾಸಣೆ ಕೋಣೆಯೊಳಗೆ ಬರಲಿ, ಆ ದಿನದ ಭತ್ಯೆಯನ್ನು ಇಲಾಖೆ ಕೊಡಲಿ. ‘ಅಕ್ಕಾ, ಎಷ್ಟ ದಿನಾತು, ಶ್ರಾವಣದಾಗಿಂದನೋ ದಸರಾದಿಂದನೋ?’ ಎಂದು ಆಕೆ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ದಿನ ಎಣಿಸದವರೂ ಹಬ್ಬ ಎಣಿಸುತ್ತಾರೆ.

ಗ್ಯಾಂಗ್ ಹೊರಡುವ ಮುನ್ನ

ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ ಪೋಷಣ ಯೋಜನೆಯಡಿ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ. ಆರು ತಿಂಗಳ ಚಿಕಿತ್ಸೆಗೆ 6000. ತತ್ತಿ, ಶೇಂಗಾ, ಬೇಳೆಗೆ ಒಂದಿಷ್ಟು ಆಧಾರವೇ. ಕೊರಳ ಗಂಟಿನ ಕ್ಷಯಕ್ಕೂ ಇದು ಸಿಗುತ್ತದೆ, ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆದು ನೋಂದಣಿಯಾದವರಿಗೂ ಸಿಗುತ್ತದೆ. 2012ರಿಂದ ಪ್ರತಿ ಕ್ಷಯ ರೋಗಿಯ ಮಾಹಿತಿಯನ್ನು ಖಾಸಗಿ ವೈದ್ಯರೂ ಸರಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ನೋಂದಣಿ ಆಗಿದೆಯೇ ಎಂದು ರೋಗಿಯೇ ಕೇಳಿ ತಿಳಿಯಬೇಕು. ಶುಲ್ಕವಿಲ್ಲದ ದೂರವಾಣಿ 1800-11-6666.

ಆದರೆ ಜತ್ತದಂಥ ಬರಗಾಲದ ತಾಲೂಕಿನಲ್ಲಿ ಬೇರೆ ಲೆಕ್ಕವೂ ಇದೆ. ಮುಕಾದಮನಿಂದ ಉಚಲ ಹಣ ತೆಗೆದುಕೊಂಡ ಗಂಡ-ಹೆಂಡತಿ ದೀಪಾವಳಿಯ ಸುತ್ತಮುತ್ತ ಹೊರಟರೆ ತಿರುಗಿ ಬರುವುದು ಮಾರ್ಚ್-ಏಪ್ರಿಲ್‌ಗೆ. ಕಬ್ಬಿನ ಹಂಗಾಮು ಹೆಚ್ಚುಕಡಿಮೆ ಐದಾರು ತಿಂಗಳು, ಕ್ಷಯದ ಚಿಕಿತ್ಸೆಯೂ ಆರು ತಿಂಗಳು. ಗುಳಿಗೆ ನುಂಗಲು ಊರಲ್ಲಿ ಕೂತರೆ ಉಚಲ ತೀರುವುದಿಲ್ಲ. ಟೋಳಿಯ ಜೊತೆ ಹೋದರೆ ಗುಳಿಗೆ ತಪ್ಪುತ್ತದೆ. 6000 ರೂಪಾಯಿ ಈ ಲೆಕ್ಕವನ್ನು ಬಗೆಹರಿಸುವುದಿಲ್ಲ.

ಬಗೆಹರಿಸುವ ದಾರಿ ಕಾಗದದ ಮೇಲೆ ಇದ್ದೇ ಇದೆ. ನಿಕ್ಷಯ ಕ್ರಮಾಂಕ ಒಂದಿದ್ದರೆ ರೋಗಿಯನ್ನು ದೇಶದ ಯಾವ ಆರೋಗ್ಯ ಕೇಂದ್ರಕ್ಕಾದರೂ ವರ್ಗಾಯಿಸಬಹುದು. ಕೊಲ್ಹಾಪುರದ ಕಾರ್ಖಾನೆಯ ಬಳಿ ಟೋಳಿ ಇಳಿದಿದ್ದರೆ ಅಲ್ಲಿ, ಬೆಳಗಾವಿ ಜಿಲ್ಲೆಯ ಕಬ್ಬಿನ ಗದ್ದೆಯಲ್ಲಿದ್ದರೆ ಅಲ್ಲಿ ಗುಳಿಗೆ ಸಿಗಬೇಕು. ರಾಜ್ಯ ಬದಲಾದರೂ ಗುಳಿಗೆ ಅದೇ, ಕಂಪ್ಯೂಟರೂ ಅದೇ. ಕೊರತೆ ಇರುವುದು ಹೊರಡುವ ಮೊದಲು ಕೇಳುವವರದ್ದು: ನಿಮ್ಮಲ್ಲಿ ಯಾರು ಗುಳಿಗೆಯ ಮೇಲಿದ್ದೀರಿ, ಯಾವ ಕಾರ್ಖಾನೆಗೆ ಹೊರಟಿದ್ದೀರಿ, ಕ್ರಮಾಂಕದ ಚೀಟಿ ಗಂಟಿನಲ್ಲಿ ಕಟ್ಟಿಕೊಂಡಿದ್ದೀರಾ? ಮುಕಾದಮರ ಬಳಿ ಪ್ರತಿ ಜೋಡಿಯ ಹೆಸರು, ಊರು, ಕೊಟ್ಟ ಹಣದ ಪಟ್ಟಿ ಪಕ್ಕಾ ಇರುತ್ತದೆ. ಆ ಪಟ್ಟಿಯ ಮುಂದೆ ಆರೋಗ್ಯ ಇಲಾಖೆಯ ಒಬ್ಬರು ಅರ್ಧ ದಿನ ಕೂತರೆ ಆಗುವ ಕೆಲಸವಿದು. ಆಗಲೇ ಪ್ರತಿಯೊಬ್ಬರ ಕೊರಳನ್ನೂ ಒಮ್ಮೆ ಬೆರಳಿನಿಂದ ಮುಟ್ಟಿ ನೋಡಬಹುದು, ಬಾಯಿಯನ್ನೂ ತೆರೆಸಿ ನೋಡಬಹುದು.

2025ರೊಳಗೆ ದೇಶವನ್ನು ಕ್ಷಯಮುಕ್ತ ಮಾಡುವ ಗುರಿಯನ್ನು 2018ರಲ್ಲಿ ದಿಲ್ಲಿಯಲ್ಲಿ ಘೋಷಿಸಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2015ರಲ್ಲಿ ಲಕ್ಷ ಜನರಿಗೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ಕ್ಕೆ 187ಕ್ಕೆ ಇಳಿದಿದೆ. ಇಳಿದದ್ದು ನಿಜ, ಮುಕ್ತವಾಗಿಲ್ಲ ಎಂಬುದೂ ನಿಜ. ದಿಲ್ಲಿಯ ಹೊಸ ಗುರಿ ಏನೇ ಇರಲಿ, ಜತ್ತದ ಗುರಿ ಸಣ್ಣದಿದ್ದರೆ ಸಾಕು: ಈ ಸಲ ದೀಪಾವಳಿಗೆ ಟ್ರ್ಯಾಕ್ಟರ್ ಹೊರಡುವ ಮೊದಲು ಕನ್ನಡದ ಒಂದು ಹಾಳೆ, ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳು, ಅರ್ಧ ದಿನ. ತಾಲೂಕು ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ಮುಂಬಯಿಯ ಮಂಜೂರಾತಿಗೆ ಕಾಯಬೇಕಿಲ್ಲ.

ಕೊರಳು ಸುಟ್ಟುಕೊಂಡ ಆ ಹುಡುಗಿಯ ಅವ್ವ-ಅಪ್ಪ ಈ ಸಲವೂ ಉಚಲ ತೆಗೆದುಕೊಂಡಿದ್ದಾರೆ. ಹೊರಡುವ ಮೊದಲು ಅವ್ವ ಆಯಿಗೆ ಹೇಳಿಟ್ಟ ಮಾತು ಇಷ್ಟೇ: ‘ಆತ್ಯಾ, ಮತ್ತ ಗಂಟ ಎದ್ರ ನೀವು ಏನೂ ಹಚ್ಚಬ್ಯಾಡ್ರಿ. ಆಶಾ ಅಕ್ಕಾಗ ಫೋನ್ ಮಾಡ್ರಿ.’